ಸರದಿಯ ಕೋಲು

ಕೋಲಿನ ತುದಿಗೆ ಬಿಗಿದಿದ್ದ ಕಬ್ಬಿಣದ ಪಟ್ಟಿಯಲ್ಲಿ ಎರಡು ಉದ್ದನೆಯ ಕೂದಲು ಸಿಕ್ಕಿಕೊಂಡಿದ್ದವು. ರಾತ್ರಿ ಊಟದ ಹೊತ್ತಿಗೆ ಚಿಕ್ಕಪ್ಪ ಅದನ್ನು ನಮ್ಮ ಬಾಗಿಲಿಗೆ ಒರಗಿಸಿ ಹೋದರು. ಕೋಲು ಬಂತೆಂದರೆ ಮರುದಿನ ತೋಪು ಕಾಯುವ ಸರದಿ ನಮ್ಮ ಮನೆಯದು.

ತೊಂಬತ್ತರ ದಶಕದ ಮೊದಲ ವರ್ಷಗಳವು. ಲಗ್ಗೆರೆಯ ಆಚೆಗಿದ್ದ ನಮ್ಮೂರಿಗೆ ಹೊಂಗೆ, ಹುಣಸೆ ಮರಗಳ ಒಂದು ತೋಪಿತ್ತು. ಯಾರೊಬ್ಬರದೂ ಅಲ್ಲ, ಊರಿನದು. ಹಸಿ ಕೊಂಬೆ ಕಡಿಯುವಂತಿಲ್ಲ, ಒಣಗಿ ಬಿದ್ದದ್ದನ್ನು ಆರಿಸಿಕೊಳ್ಳಬಹುದು. ದಿನಕ್ಕೊಂದು ಮನೆಯವರು ಕಾದು, ಕೋಲನ್ನು ಮುಂದಿನ ಮನೆಯ ಬಾಗಿಲಿಗೆ ಒರಗಿಸಬೇಕು. ಕೋಲು ಬರುವ ಮನೆಗಷ್ಟೇ ಸೌದೆಯ ಹಕ್ಕು. ಪೀಣ್ಯದ ಕಾರ್ಖಾನೆಗಳಿಗೆ ಬಂದವರಿಗೆಂದು ಊರಿನವರೇ ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದ ಶೀಟಿನ ಮನೆಗಳಿಗೆ ಆ ಕೋಲು ಹೋಗುತ್ತಿರಲಿಲ್ಲ. ಅಲ್ಲಿದ್ದವರಿಗೆ ರೇಷನ್ ಕಾರ್ಡಿರಲಿಲ್ಲ, ಹಾಗಾಗಿ ಸೀಮೆಎಣ್ಣೆಯೂ ಸಿಗುತ್ತಿರಲಿಲ್ಲ.

ಕೋಲು ಬಂದ ದಿನದ ಮಧ್ಯಾಹ್ನ ನಾನು ಎಂ.ಎಸ್ಸಿ. ತರಗತಿ ಮುಗಿಸಿ, ಬಸ್ಸಿಳಿದು, ತೋಪಿನ ಕಾಲುದಾರಿಯಲ್ಲಿ ಬರುತ್ತಿದ್ದೆ. ಮೊದಲು ಕೇಳಿಸಿದ್ದು ಏಟಿನ ಸದ್ದು. ಚಿಕ್ಕಪ್ಪ ಒಬ್ಬ ಹೆಂಗಸನ್ನು ಹೊಡೆಯುತ್ತಿದ್ದರು. ಅವರದೇ ಶೀಟಿನ ಮನೆಯಲ್ಲಿ ಬಾಡಿಗೆಗಿದ್ದವಳು. ಪಕ್ಕದಲ್ಲಿ ಸೌದೆಯ ಹೊರೆ ಬಿದ್ದಿತ್ತು. ಅವಳು ಮಂಡಿಯೂರಿ ಎರಡೂ ಕೈಗಳಿಂದ ತಲೆ ಮುಚ್ಚಿಕೊಂಡಿದ್ದಳು.

“ಒಣಗಿದ್ದೇ ಕಣಣ್ಣ. ಅಸೀದು ಮುಟ್ಟಿಲ್ಲ, ನೋಡಣ್ಣ.”

“ಬಾಡಿಗೆ ಕೊಟ್ಬುಟ್ರೆ ಊರೇ ಬರ್ಕೊಟ್ಟಂಗಾಯ್ತೇನೆ?” ಎಂದು ಚಿಕ್ಕಪ್ಪ ಮತ್ತೆ ಕೋಲೆತ್ತಿದರು. ಅದು ಮುಂಗೈಗೆ ಬಿತ್ತು. ಮೂಳೆ ಮುರಿದದ್ದು ನನಗೂ ಕೇಳಿಸಿತು. ಕೈ ಜಾರಿದ ಮೇಲೆ ಮುಂದಿನ ಏಟು ತಲೆಗೇ.

ನಾನು ಓಡಿಹೋಗಿ ಕೋಲನ್ನು ನಡುವೆ ಹಿಡಿದುಕೊಂಡೆ. ಚಿಕ್ಕಪ್ಪ ಕೋಲಿನ ಸಮೇತ ನನ್ನನ್ನೂ ಎಳೆದು ಹುಣಸೆಯ ಬುಡಕ್ಕೆ ನೂಕಿದರು. ಓದಿದವಳು ಓದಿಕೊಂಡಿರಬೇಕು ಎಂದರು. ಅಷ್ಟರಲ್ಲಿ ಅವಳು ಎದ್ದು, ಮುರಿದ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಓಡಿದಳು. ಕಿವಿಯ ಹಿಂದಿನಿಂದ ಇಳಿದ ರಕ್ತ ರವಿಕೆಯ ಬೆನ್ನನ್ನೆಲ್ಲ ನೆನೆಸಿತ್ತು. ಚಿಕ್ಕಪ್ಪ ಬೀಡಿ ಹಚ್ಚಿದರು.

ಸಂಜೆ ಅವಳ ಗಂಡ ಲೇತ್ ಕೆಲಸ ಮುಗಿಸಿ, ಎಣ್ಣೆ ಮೆತ್ತಿದ ಬಟ್ಟೆಯಲ್ಲೇ ಬಂದ. ಕೈಯಲ್ಲಿ ರಾಡಿತ್ತು. ಚಿಕ್ಕಪ್ಪನ ಬಾಗಿಲಿಗೆ ಹೊಡೆದ, ಕಿಟಕಿಯ ಗಾಜು ಒಡೆದ, ಹೊರಗೆ ಬಾ ಎಂದು ಕರೆದ. ಹೊರಗೆ ಬಂದದ್ದು ಅಕ್ಕಪಕ್ಕದ ಮನೆಗಳ ಗಂಡಸರು. ಅವನದೇ ರಾಡನ್ನು ಕಿತ್ತುಕೊಂಡು, ಅವನು ಬಿದ್ದ ಮೇಲೂ ಹೊಡೆದರು. ನಾನು ಬಿಡಿಸಲು ಹೋದರೆ ಅಮ್ಮ ನನ್ನ ಸೊಂಟವನ್ನು ಬಿಗಿಯಾಗಿ ಹಿಡಿದುಕೊಂಡರು. ಕೊನೆಗೆ ಅವನ ಜೊತೆಯ ಕೆಲಸಗಾರರು ಬಂದು ಎತ್ತಿಕೊಂಡು ಹೋದರು.

ಆಮೇಲೆ ಅರಳಿಕಟ್ಟೆಯಲ್ಲಿ ಹಿರಿಯರು ಕೂತು ತೀರ್ಮಾನಿಸಿದರು: ಶೀಟಿನ ಮನೆಯವರು ಇನ್ನು ತೋಪಿಗೆ ಕಾಲಿಟ್ಟರೆ ಆ ಕಾಲು ಮುರಿಯಬೇಕು, ಕೋಲು ಯಾರ ಬಾಗಿಲಲ್ಲಿದೆಯೋ ಅವರೇ ಮುರಿಯಬೇಕು.

ಅಲ್ಲಿಂದ ಎದ್ದು ಬಂದ ಚಿಕ್ಕಪ್ಪ ಕೋಲನ್ನು ಒರಗಿಸಿದ್ದು ನಮ್ಮ ಬಾಗಿಲಿಗೆ.

ಅಪ್ಪ ತೀರಿಕೊಂಡ ಮೇಲೆ ನಮ್ಮ ಸರದಿಗೂ ಅವರೇ ಹೋಗುತ್ತಿದ್ದರು. ಊಟಕ್ಕೆ ಬಡಿಸುತ್ತಾ ಅಮ್ಮ, “ನಾಳೇನೂ ಅವರೇ ಹೋಗ್ತಾರೆ. ನೀನು ಸುಮ್ನೆ ಕಾಲೇಜಿಗೆ ಹೋಗು” ಎಂದರು.

ಬೆಳಿಗ್ಗೆ ಅಮ್ಮ ಏಳುವ ಮೊದಲೇ ಕೋಲು ಹಿಡಿದು ಹೊರಟೆ. ಸೌದೆಯ ಹೊರೆ ತೋಪಿನಲ್ಲಿ ಬಿದ್ದಲ್ಲೇ ಇತ್ತು. ಬಿಚ್ಚಿ ನೋಡಿದೆ. ಒಂದೂ ಹಸಿ ಕಡ್ಡಿಯಿರಲಿಲ್ಲ. ಮತ್ತೆ ಕಟ್ಟಿ, ತಲೆಯ ಮೇಲಿಟ್ಟುಕೊಂಡು, ಚಿಕ್ಕಪ್ಪನ ಮನೆಯ ಮುಂದೆಯೇ ನಡೆದು ಶೀಟಿನ ಮನೆಗಳ ಸಾಲಿಗೆ ಹೋದೆ. ಅವಳ ಬಾಗಿಲು ಮುಚ್ಚಿತ್ತು. ಒಳಗೆ ಯಾರೋ ನರಳುತ್ತಿದ್ದರು. ಹೊರೆಯನ್ನು ಹೊಸ್ತಿಲ ಬಳಿ ಇಳಿಸಿದೆ. ಪಟ್ಟಿಯಲ್ಲಿದ್ದ ಕೂದಲನ್ನು ಬಿಡಿಸಿ ತೆಗೆದು, ಕೋಲನ್ನು ಆ ಬಾಗಿಲಿಗೆ ಒರಗಿಸಿದೆ. ಆಮೇಲೆ ಬರಿಗೈಯಲ್ಲಿ ತೋಪಿಗೆ ಹಿಂದಿರುಗಿ, ನಮ್ಮ ಸರದಿ ಕಾಯಲು ಕೂತೆ.