ಕತ್ತಾಳೆ ಬೆಂಡು ಮತ್ತು ಮೂರು ಗಂಟು

ದೆವ್ವ, ಗಾಳಿ, ಮೈಮೇಲೆ ಬರುವುದು ಅಂತೆಲ್ಲ ಮಾತಾಡುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಈಗಲೂ ಅಷ್ಟೆ. ಶಿರಾ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಸ್ಟಾಫ್ ರೂಮಿನಲ್ಲಿ ಯಾರಾದರೂ ಇಂಥ ಕತೆ ತೆಗೆದರೆ "ನೀವು ಕಣ್ಣಾರೆ ಕಂಡಿರಾ?" ಅಂತ ಕೇಳಿ ಬಾಯಿ ಮುಚ್ಚಿಸುವವಳು ನಾನೇ. ಹಾಗಿದ್ದೂ ನನ್ನದೇ ಒಂದು ಸಂಗತಿ ಇದೆ. ಸ್ಕೂಲಿನಲ್ಲಿ ಅದನ್ನು ಯಾರಿಗೂ ಹೇಳಿಲ್ಲ. ಅದೇ ಪ್ರಶ್ನೆಯನ್ನು ಯಾರಾದರೂ ನನಗೆ ತಿರುಗಿಸಿ ಕೇಳಿದರೆ ಇಲ್ಲ ಅಂತಲೇ ಹೇಳಬೇಕು. ನಾನು ಕಣ್ಣಾರೆ ಏನನ್ನೂ ಕಾಣಲಿಲ್ಲ, ಆದರೆ ನಡೆದದ್ದು ನಿಜ.

ನಮ್ಮೂರು ಪಾವಗಡ ತಾಲ್ಲೂಕು, ವೈ.ಎನ್.ಹೊಸಕೋಟೆಯಿಂದ ಸ್ವಲ್ಪ ಒಳಕ್ಕೆ. ಆಗ ನಾನು ಹತ್ತನೇ ಕ್ಲಾಸು. ನನ್ನಂಥ ಪುಕ್ಕಲಿ ಇಡೀ ಊರಲ್ಲಿ ಇನ್ನೊಬ್ಬಳಿರಲಿಲ್ಲ. ಪರೀಕ್ಷೆಗೆ ಹೋದರೆ ಪೆನ್ನು ಮೂರು ಒಯ್ಯುತ್ತಿದ್ದೆ. ಬಸ್ಸು ಪೂರ್ತಿ ನಿಂತು, ಇಳಿಯುವವರೆಲ್ಲ ಇಳಿದು, ಕಂಡಕ್ಟರು "ಹತ್ತಮ್ಮಾ ತಾಯಿ" ಅಂತ ಕೂಗಿದ ಮೇಲೆ ಹತ್ತುತ್ತಿದ್ದೆ. ಹಗ್ಗ ಕಂಡರೂ ಹಾವು ಅನ್ನುವ ಪೈಕಿ. ಅದರಲ್ಲಿ ನನ್ನ ತಪ್ಪು ಅರ್ಧ, ಅಮ್ಮನದು ಅರ್ಧ. ನನಗಿಂತ ಮುಂಚೆ ಹುಟ್ಟಿದ ಇಬ್ಬರು ಮಕ್ಕಳು ಉಳಿದಿರಲಿಲ್ಲ. ಹಾಗಾಗಿ ನಾನು ಕೆಮ್ಮಿದರೂ ಅಮ್ಮನ ಕೈಯಲ್ಲಿದ್ದ ಕೆಲಸ ನಿಂತುಹೋಗುತ್ತಿತ್ತು.

ಅದಕ್ಕೂ ಹಿಂದಿನ ಹತ್ತು ಹನ್ನೆರಡು ವರ್ಷ ನಮ್ಮ ಕಡೆ ಬಾವಿಗಳಲ್ಲಿ ನೀರೇ ಇರಲಿಲ್ಲ. ಎಲ್ಲ ಬೋರಿನ ನೀರು. ನಮ್ಮ ವಯಸ್ಸಿನ ಮಕ್ಕಳಿಗೆ ಬಾವಿ ಅಂದರೆ ಕಸ ಎಸೆಯುವ, ಪಾರಿವಾಳ ಗೂಡು ಕಟ್ಟುವ ಗುಂಡಿ ಅಷ್ಟೆ. ಆ ವರ್ಷ ಮಳೆ ಹುಚ್ಚೆದ್ದು ಬಂತು. ಕೆರೆ ಕೋಡಿ ಬಿತ್ತು. ಚಿಕ್ಕಪ್ಪನ ಹೊಲದ ಕಲ್ಲುಕಟ್ಟಡದ ಬಾವಿ ಮೇಲಿನ ಆರು ಮೆಟ್ಟಿಲು ಬಿಟ್ಟು ಪೂರ್ತಿ ತುಂಬಿತು. ಊರಿನ ದೊಡ್ಡವರಿಗೆಲ್ಲ ಆಗ ಒಮ್ಮೆಲೇ ಹೊಳೆಯಿತು, ತಮ್ಮ ಮಕ್ಕಳಲ್ಲಿ ಒಬ್ಬರಿಗೂ ಈಜು ಬರುವುದಿಲ್ಲ ಅಂತ.

ಚಿಕ್ಕಪ್ಪ ನನಗೂ ಅವರ ಮಗಳು ಗಿರಿಜಾಗೂ ಕಲಿಸಲು ನಿಂತರು. ನಾವಿಬ್ಬರೂ ಒಂದೇ ಕ್ಲಾಸು. ನಮ್ಮ ಕಡೆ ಈಜು ಕಲಿಸುವುದಕ್ಕೆ ಒಂದು ಪದ್ಧತಿ ಇದೆ. ಹೂ ಬಿಟ್ಟು ಒಣಗಿದ ಕತ್ತಾಳೆ ಬೊಂಬನ್ನು, ಅಂದರೆ ಗಿಡದ ನಡುವಿನಿಂದ ಏಳುವ ಉದ್ದ ಕಾಂಡವನ್ನು, ಮೊಳದುದ್ದ ತುಂಡು ಮಾಡಿ, ಎರಡು ಮೂರು ತುಂಡು ಜೋಡಿಸಿ ಬೆನ್ನಿಗೆ ಕಟ್ಟುತ್ತಾರೆ. ಅದಕ್ಕೆ ಬೆಂಡು ಅನ್ನುತ್ತೇವೆ. ಹತ್ತಿಯಷ್ಟು ಹಗುರ, ಎಂಥವರನ್ನೂ ತೇಲಿಸುತ್ತದೆ. ನಾಲ್ಕು ದಿನ ಕಳೆದ ಮೇಲೆ ಕಲಿಸುವವರು ಗರಗಸ ತಂದು ಬೆಂಡನ್ನು ನಾಲ್ಕು ಬೆರಳಷ್ಟು ಕೊಯ್ಯುತ್ತಾರೆ. ಇನ್ನು ನಾಲ್ಕು ದಿನಕ್ಕೆ ಇನ್ನಷ್ಟು. ಕೊನೆಗೆ ಬೆನ್ನ ಮೇಲೆ ಹೆಸರಿಗೊಂದು ಚೂರು ಉಳಿದಿರುತ್ತದೆ, ಅದನ್ನೂ ಬಿಚ್ಚಿ ಎಸೆದ ದಿನ ಈಜು ಬಂತು ಅಂತ ಲೆಕ್ಕ. ಇನ್ನೊಂದು ನಿಯಮ, ನೀರಿಂದ ಎದ್ದ ಮೇಲೆ ಬೆಂಡನ್ನು ತಪ್ಪದೆ ಮಾಳಿಗೆ ಮೇಲೆ ಬಿಸಿಲಿಗೆ ಹಾಕಬೇಕು. ಒಣಗದಿದ್ದರೆ ಅದು ನೀರು ಕುಡಿಯುತ್ತದೆ.

ಗಿರಿಜಾಳ ಬೆಂಡು ಹದಿನೈದು ದಿನದಲ್ಲಿ ಮುಗಿದೇ ಹೋಯಿತು. ನನ್ನದು ಮೊದಲ ಸಲ ಕೊಯ್ದ ದಿನವೇ ನಾನು ಬಾವಿಕಟ್ಟೆಯ ಮೇಲೆ ಕೂತು ಅತ್ತೆ. ಆಮೇಲೆ ಒಂದು ಉಪಾಯ ಮಾಡಿದೆ. ಮಾಳಿಗೆ ಮೇಲೆ ಹಾಕಿದರೆ ತಾನೇ ಚಿಕ್ಕಪ್ಪನ ಕಣ್ಣಿಗೆ ಬೀಳುವುದು, ಕೊಯ್ಯುವುದು? ದನದ ಕೊಟ್ಟಿಗೆಯಲ್ಲಿ ಕಡಲೆಕಾಯಿ ಬಳ್ಳಿಯ ಮೆದೆ ಇತ್ತು. ಅದರಡಿ ತುರುಕಿಟ್ಟೆ. ಕೇಳಿದಾಗಲೆಲ್ಲ "ಎಲ್ಲೋ ಇಟ್ಟಿದೀನಿ ಚಿಕ್ಕಪ್ಪ" ಅನ್ನುತ್ತಿದ್ದೆ. ಸುಗ್ಗಿಯ ಗಡಿಬಿಡಿ, ಅವರೂ ಬಿಟ್ಟುಬಿಟ್ಟರು. ಅವರಿಲ್ಲದಾಗ ಅದನ್ನೇ ಕಟ್ಟಿಕೊಂಡು ನೀರಿಗಿಳಿದು, ಒದ್ದೆಯಲ್ಲೇ ಮತ್ತೆ ಮೆದೆಗೆ ತುರುಕುತ್ತಿದ್ದೆ. ಹೀಗೆ ಸುಮಾರು ಎರಡು ತಿಂಗಳು ನನ್ನ ಬೆಂಡು ಬಿಸಿಲನ್ನೇ ಕಾಣಲಿಲ್ಲ. ನೋಡಿ, ನಾನು ಎಷ್ಟು ಜೋಪಾನ ಮಾಡಿದೆನೋ ಅಷ್ಟೂ ನನ್ನ ಕುತ್ತಿಗೆಗೇ ಬಂತು.

ಸಂಕ್ರಾಂತಿ ಕಳೆದಿತ್ತು. ಒಂದು ಭಾನುವಾರ ಬೆಳಿಗ್ಗೆ ಹತ್ತು ಗಂಟೆಯ ಹೊತ್ತು, ಒಳ್ಳೆ ಬಿಸಿಲು. ಚಿಕ್ಕಪ್ಪ ಪಂಪಿನ ಸಾಮಾನು ತರಲು ಪಾವಗಡಕ್ಕೆ ಹೋಗಿದ್ದರು. ಬಾವಿಯ ಹತ್ತಿರ ಇದ್ದವರು ನಾನು ಮತ್ತು ಗಿರಿಜಾ ಇಬ್ಬರೇ. ನಾನು ಎಂದಿನಂತೆ ಬೆಂಡು ಬೆನ್ನಿಗಿಟ್ಟು, ಚೂಡಿದಾರದ ಮೇಲೆ ಸೊಂಟಕ್ಕೆ ಕತ್ತಾಳೆ ನಾರಿನ ಹಗ್ಗ ಸುತ್ತಿ, ಮುಂದೆ ಮೂರು ಗಂಟು ಹಾಕಿದೆ. ಒಂದರ ಮೇಲೊಂದು, ಉಸಿರು ಕಟ್ಟುವಷ್ಟು ಬಿಗಿ.

ಗಿರಿಜಾ ನೀರಿನಿಂದಲೇ ನಕ್ಕಳು. "ತಾಳಿಗಿಂತ ಬಿಗಿಯಾಗಿ ಕಟ್ಕಂಡಿದೀಯಲ್ಲೇ! ನಾಳೆ ಹಸೆಮಣೆ ಮೇಲೂ ಬೆಂಡು ಕಟ್ಕಂಡೇ ಕೂತ್ಕಂತೀಯ?"

"ನಿಂಗ್ಯಾಕೆ, ನಿನ್ ಕೆಲ್ಸ ನೋಡು" ಅಂದೆ.

"ಪರೀಕ್ಷೆ ಮುಗುದ್ರೆ ನೀನೆಲ್ಲೋ ನಾನೆಲ್ಲೋ. ಒಂದೇ ಒಂದ್ಸಲಿ ಆ ದಡ ಮುಟ್ಬುಟ್ಟು ಬಾರೇ. ಬೆಂಡಿದ್ಯಲ್ಲ, ಇನ್ನೇನು ಸಾಯ್ತೀಯಾ?"

ಆವರೆಗೂ ನಾನು ಮೆಟ್ಟಿಲಿನಿಂದ ಎರಡು ಮಾರು ದೂರಕ್ಕೂ ಹೋಗಿದ್ದವಳಲ್ಲ. ಅವತ್ತು ಯಾಕೋ ರೋಷ ಬಂತು. ಬೆಂಡಿನ ಧೈರ್ಯವೂ ಇತ್ತು. ಕೈ ಬೀಸುತ್ತಾ ಬಾವಿಯ ನಟ್ಟನಡುವಿಗೆ ಹೋದೆ. ಅಲ್ಲಿ ಹೋದ ಮೇಲೆ ಗೊತ್ತಾಯಿತು, ಬೆನ್ನ ಮೇಲಿನದು ನನ್ನನ್ನು ಎತ್ತುತ್ತಿಲ್ಲ, ಕೆಳಕ್ಕೆ ಎಳೆಯುತ್ತಿದೆ ಅಂತ. ಎರಡು ತಿಂಗಳ ನೀರು ಕುಡಿದ ಬೆಂಡು ಹಸಿ ತೊಲೆಯ ಹಾಗೆ ಭಾರವಾಗಿತ್ತು, ಮೆಟ್ಟಿಲ ಹತ್ತಿರವೇ ಕಾಲೂರಿ ಆಡುತ್ತಿದ್ದ ನನಗೆ ಅದು ತಿಳಿದಿರಲಿಲ್ಲ. "ಗಿರೀ" ಅಂತ ಒಂದು ಸಲ ಕೂಗಿದೆ. ಎರಡನೇ ಸಲಕ್ಕೆ ಬಾಯಿಗೆ ನೀರು ತುಂಬಿತು.

ಕೆಳಗೆ ಹೋಗುತ್ತಾ ಹಸಿರಾಗಿದ್ದ ನೀರು ಕಪ್ಪಾಯಿತು. ಕಿವಿ ನೋಯತೊಡಗಿತು. ಸಾಯುವಾಗ ಬಾಳೆಲ್ಲ ಕಣ್ಮುಂದೆ ಬರುತ್ತದೆ ಅನ್ನುತ್ತಾರಲ್ಲ, ನನಗೆ ಅಂಥದ್ದೇನೂ ಬರಲಿಲ್ಲ. ಅಮ್ಮನಿಗೆ ಇದನ್ನು ಯಾರು ಹೋಗಿ ಹೇಳುತ್ತಾರೆ ಅನ್ನುವುದೊಂದೇ ಇತ್ತು. ಎರಡೂ ಕೈಯಲ್ಲಿ ಗಂಟು ಹಿಡಿದು ಎಳೆದೆ. ಉಗುರು ಮುರಿಯಿತು. ನಾರಿನ ಹಗ್ಗ ನೆಂದರೆ ಉಬ್ಬುತ್ತದೆ, ಗಂಟು ಕಲ್ಲಾಗುತ್ತದೆ. ಒಂದು ಎಳೆಯೂ ಸಡಿಲವಾಗಲಿಲ್ಲ. ಕೊನೆಗೆ ಕೈಸೋತು ಗಂಟನ್ನು ಬಿಟ್ಟುಬಿಟ್ಟೆ. ಬಿಟ್ಟದ್ದು ಚೆನ್ನಾಗಿ ನೆನಪಿದೆ, ಯಾಕೆಂದರೆ ಆಮೇಲೆ ನನ್ನ ಎರಡೂ ಕೈ ಮುಂದೆ ಮಸುಕಾಗಿ ತೇಲುತ್ತಿದ್ದುದನ್ನು ನೋಡಿದೆ.

ಆಗ ಅದು ಆಯಿತು. ದನಿ ಇಲ್ಲ, ಬೆಳಕಿಲ್ಲ, ಯಾರ ಕೈಯೂ ನನ್ನನ್ನು ಮುಟ್ಟಲಿಲ್ಲ. ಬೋರಿನಿಂದ ನೀರು ಹೊತ್ತು ಬಂದಾಗ ಮನೆಬಾಗಿಲಲ್ಲಿ ಯಾರಾದರೂ ತಲೆಯ ಮೇಲಿನ ಕೊಡ ಇಳಿಸಿಕೊಳ್ಳುತ್ತಾರಲ್ಲ, ಹಾಗೆ ಬೆನ್ನ ಮೇಲಿನ ಭಾರ ಹೋಯಿತು. ಎಳೆದಂತಲ್ಲ, ಕಿತ್ತಂತಲ್ಲ. ನಿಧಾನವಾಗಿ, ಅಲುಗಾಡಿಸದೆ ಇಳಿಸಿಕೊಂಡ ಹಾಗೆ. ನಾನು ಕಾಲು ಬಡಿದೆ. ಮೇಲೆ ಬಂದೆ. ಉಸಿರು ಎಳೆದುಕೊಂಡು, ಬೆಂಡಿಲ್ಲದೆ, ಕೈಬೀಸಿ ಮೆಟ್ಟಿಲಿನ ತನಕ ನಾನೇ ಬಂದೆ. ಗಿರಿಜಾ ಎಳೆದುಕೊಂಡು ಕೂರಿಸಿದಳು. ನನ್ನನ್ನು ತಬ್ಬಿಕೊಂಡಳು. ಎರಡು ಸಲ ಮುಳುಗಿ ಹುಡುಕಿದ್ದಳಂತೆ, ನಾನು ಸಿಕ್ಕಿರಲಿಲ್ಲವಂತೆ.

ಸ್ವಲ್ಪ ಹೊತ್ತಿಗೆ, ತಳಕ್ಕೆ ಹೋಗಿರಬೇಕಾದ ಬೆಂಡು ಮೆಟ್ಟಿಲ ಹತ್ತಿರವೇ, ನೀರಿನ ಮಟ್ಟಕ್ಕಿಂತ ಒಂದು ಗೇಣು ಕೆಳಗೆ ಕಾಣಿಸಿತು. ಗಿರಿಜಾ ಕೋಲು ಹಾಕಿ ಎಳೆದಳು. ಹಗ್ಗ ಹರಿದಿರಲಿಲ್ಲ. ಬೆಂಡಿನ ತುಂಡುಗಳು ಹಾಗೇ ಇದ್ದವು. ಮುಂದಿನ ಮೂರು ಗಂಟೂ, ನಾನು ಹಾಕಿದ ಹಾಗೇ, ಒಂದರ ಮೇಲೊಂದು ಇದ್ದವು.

ಗಿರಿಜಾ ಅದನ್ನು ಕೈಯಲ್ಲಿ ಹಿಡಿದು ನನ್ನ ಮುಖ ನೋಡಿದಳು. "ಇದ್ರೊಳಗಿಂದ ನೀನು ಹೆಂಗೆ ಬಂದ್ಯೇ?" ಅಂದಳು.

ಅಲ್ಲೇ ನೋಡಿದೆವು. ತಲೆಯ ಮೇಲಿಂದ ಹಾಕಿದರೆ ಹಗ್ಗ ಹೆಗಲಿಗೆ ಸಿಕ್ಕಿಕೊಂಡಿತು. ಕಾಲಿನಿಂದ ಏರಿಸಿದರೆ ಸೊಂಟದ ಕೆಳಗೇ ನಿಂತಿತು. ಗಿರಿಜಾ ನನಗಿಂತ ತೆಳ್ಳಗಿದ್ದಳು, ಅವಳಿಗೂ ಅದೇ. ನನ್ನ ಸೊಂಟದ ಸುತ್ತ ಹಗ್ಗ ಕೊರೆದ ಕೆಂಪು ಗೆರೆ ಇತ್ತು. ಹೆಗಲಲ್ಲಾಗಲಿ ತೊಡೆಯಲ್ಲಾಗಲಿ ಒಂದು ತರಚು ಗಾಯವೂ ಇರಲಿಲ್ಲ.

ಮನೆಯಲ್ಲಿ ಸುದ್ದಿ ಮುಚ್ಚಿಡಲು ಆಗಲಿಲ್ಲ. ಸಾಯಂಕಾಲ ಚಿಕ್ಕಪ್ಪ ಬಂದು ಹಗ್ಗವನ್ನು ಬಹಳ ಹೊತ್ತು ತಿರುಗಿಸಿ ನೋಡಿದರು. "ಭಯಕ್ಕೆ ಹೊಟ್ಟೆ ಒಳಕ್ಕೋಗಿರ್ತದೆ, ಜಾರ್ಕಂಡಿರ್ತದೆ ಬುಡು" ಅಂದರು. ಅವರ ದನಿಯಲ್ಲೇ ನಂಬಿಕೆ ಇರಲಿಲ್ಲ. ಹೊಟ್ಟೆ ಒಳಗೆ ಹೋಗಬಹುದು, ಸೊಂಟದ ಮೂಳೆ ಹೋಗುತ್ತದೆಯೇ? ಪಕ್ಕದ ಮನೆಯ ನರಸಮ್ಮಜ್ಜಿ ಗಡಿಯಾಚೆಯಿಂದ ಬಂದ ಸೊಸೆ. ಐವತ್ತು ವರ್ಷವಾದರೂ ಅವಳ ಬಾಯಿಂದ ತೆಲುಗು ಹೋಗಿರಲಿಲ್ಲ. "ಅಕ್ಕಗಾರ್ಲು ಕಣಮ್ಮ" ಅಂದಳು. "ಏಳು ಜನ ಅಕ್ಕದೀರು, ನೀರಿನ ದೇವತೇರು. ನೀಳ್ಳು ಇದ್ದ ಕಡೆ ಉಂಟಾರು. ಬಾವಿ ತುಂಬಿದ ದಿನವೇ ಏಳು ಕಲ್ಲಿಟ್ಟು ಪೂಜೆ ಮಾಡಿ ಅಂದ್ರೆ ಯಾರು ಕೇಳಿದ್ರು?" ನನಗೆ ಆಗಲೂ ನಂಬಿಕೆ ಬರಲಿಲ್ಲ. ಪೂಜೆ ಮಾಡದವರ ಮಗಳನ್ನು ಅವರು ಯಾಕೆ ಉಳಿಸುತ್ತಾರೆ?

ಅಮ್ಮ ಮಾತ್ರ ಬೆಂಡನ್ನು ಎತ್ತಿಕೊಂಡು ಒಳಗೆ ಹೋದಳು. ಬೈಯಲಿಲ್ಲ, ಹೊಡೆಯಲಿಲ್ಲ. ಅದಕ್ಕೇ ನನಗೆ ಹೆಚ್ಚು ಭಯವಾಯಿತು. ರಾತ್ರಿಯೆಲ್ಲ ಎಚ್ಚರವಾಗಿಯೇ ಇದ್ದಳು ಅಂತ ಕಾಣುತ್ತದೆ. ಬೆಳಿಗ್ಗೆ ಸ್ಕೂಲಿಗೆ ಹೊರಡುವ ಮುಂಚೆ ನನ್ನ ಕೈಹಿಡಿದು ನೇರ ಬಾವಿಗೆ ಕರೆದುಕೊಂಡು ಹೋದಳು.

"ಇಳಿ" ಅಂದಳು.

"ಬೆಂಡು?"

"ಬೆಂಡಿಲ್ಲ. ಒಲೆಗೆ ಹಾಕ್ಬುಟ್ಟೆ."

ನಾನು ಅಳತೊಡಗಿದೆ. ಅಮ್ಮನೂ ಅಳುತ್ತಿದ್ದಳು, ಆದರೆ ಕೈ ಬಿಡಲಿಲ್ಲ. "ಇವತ್ತು ಇಳೀದಿದ್ರೆ ಈ ಜನ್ಮದಲ್ಲಿ ನೀನು ಇಳಿಯಾಕಿಲ್ಲ ಕಣಮ್ಮ. ನಿನ್ನ ಹಿಂಗೆ ಹೆದರಿಸಿ ಹೆದರಿಸಿ ಸಾಕಿದ್ದು ನಾನೇ. ನಿನ್ನೆ ಅದೇ ನಿನ್ನ ಮುಳುಗಿಸ್ತಿತ್ತು."

"ಮುಳುಗಿದ್ರೆ?"

"ಮುಳುಗಿದ್ರೆ ನಾನೂ ಬತ್ತೀನಿ."

ಅಮ್ಮನಿಗೆ ಈಜು ಬರುತ್ತಿರಲಿಲ್ಲ. ಸೀರೆ ಎತ್ತಿಕಟ್ಟಿ ಮೆಟ್ಟಿಲು ಇಳಿದು ಎದೆಮಟ್ಟದ ನೀರಲ್ಲಿ ನಿಂತಳು. ನಾನು ಹಾರಿದೆ. ಆ ದಡ ಮುಟ್ಟಿ ಈ ದಡಕ್ಕೆ ಬಂದೆ. ಬಂದ ಕೂಡಲೇ ಅಮ್ಮ ಕಪಾಳಕ್ಕೆ ಒಂದು ಬಿಟ್ಟಳು, ಆಮೇಲೆ ಒದ್ದೆ ಮೈಯನ್ನು ಅಪ್ಪಿಕೊಂಡು ಜೋರಾಗಿ ಅತ್ತಳು. ಆ ವರ್ಷ ಪಾಸಾಗಿ, ಒಬ್ಬಳೇ ಮಧುಗಿರಿಯ ಹಾಸ್ಟೆಲಿಗೆ ಹೋಗಿ ಸೈನ್ಸ್ ಓದಿದೆ. ಮೊದಲಿನ ನನಗೆ ಅಂಥ ಧೈರ್ಯ ಎಲ್ಲಿಂದ ಬರಬೇಕಿತ್ತು?

ಈಗ ಪ್ರತಿ ವರ್ಷ ಮಕ್ಕಳಿಗೆ ತೇಲುವುದು, ಮುಳುಗುವುದು ಪಾಠ ಮಾಡುತ್ತೇನೆ. ಬೆಂಡು ಯಾಕೆ ಮುಳುಗಿತು ಅಂತ ಬೋರ್ಡಿನ ಮೇಲೆ ಬರೆದು ತೋರಿಸಬಲ್ಲೆ. ಮುಂದಿನದನ್ನು ಬರೆಯಲು ನನಗೆ ಬರುವುದಿಲ್ಲ. ನೆಂದ ಹಗ್ಗ ಬಿಗಿಯುತ್ತದೆಯೇ ಹೊರತು ಸಡಿಲವಾಗುವುದಿಲ್ಲ. ಯಾರೋ ಬಿಚ್ಚಿ ಮತ್ತೆ ಕಟ್ಟಿದರೇ? ನೀರಿನೊಳಗೆ? ಯಾಕೆ?

ಹೋದ ಬೇಸಿಗೆಯಲ್ಲಿ ಊರಿಗೆ ಹೋಗಿದ್ದೆ. ಬಾವಿ ಮತ್ತೆ ಬತ್ತಿದೆ. ತಳದ ತನಕ ಇಳಿದು ನೋಡಿದೆ. ಹಗ್ಗ ಸಿಕ್ಕಿಹಾಕಿಕೊಳ್ಳುವಂಥ ಕಬ್ಬಿಣದ ಕೊಕ್ಕೆ, ಮರದ ಬೇರು, ಚೂಪುಗಲ್ಲು ಏನಾದರೂ ಇರಬೇಕು ಅಂತ ನಾಲ್ಕೂ ಗೋಡೆಯನ್ನು ಕೈಯಿಂದ ಸವರಿದೆ. ನುಣ್ಣಗಿತ್ತು. ತಳದಲ್ಲಿ ಒಣಗಿ ಬಿರಿದ ಕೆಸರು, ಒಂದು ಸೈಕಲ್ ಟೈರು ಬಿಟ್ಟರೆ ಏನೂ ಇರಲಿಲ್ಲ. ಪ್ರಾಣ ಉಳಿಸಿದವರಿಗೆ ಒಂದು ಮಾತು ಹೇಳದೆ ಇಷ್ಟು ವರ್ಷ ಬದುಕಿದ್ದೇನೆ ಅನ್ನಿಸಿ ಅಳು ಬಂತು. ಯಾರಿಗೆ ಹೇಳಬೇಕೋ ಗೊತ್ತಿಲ್ಲ. ಮೇಲೆ ಯಾರಾದರೂ ಇದ್ದಾರೆಯೇ ಅಂತ ಒಂದು ಸಲ ನೋಡಿಕೊಂಡೆ. ಆಮೇಲೆ ಆ ಬರಿ ಗೋಡೆಗಳ ಕಡೆ ತಿರುಗಿ, ಮೆಲ್ಲಗೆ, "ನಾನು ಚೆನ್ನಾಗಿದೀನಿ" ಅಂದೆ.