ಮಂಚದಡಿ ಎದ್ದ ಬಿದಿರು

ಬೆಳಗಿನ ಆರು ಗಂಟೆ. ಮಲಗುವ ಕೋಣೆಯ ನೆಲಕ್ಕೆ ಕೆನ್ನೆಯಾನಿಸಿ ಬೇರಕ್ಕ ಮಂಚದಡಿಗೆ ಟಾರ್ಚ್ ಬಿಡುತ್ತಾರೆ. ಎರಡು ಟೈಲ್ಸ್‌ಗಳ ಸಂದು ಸೀಳಿಕೊಂಡು ಗೇಣುದ್ದದ ಬಿದಿರಿನ ಮೊಳಕೆಯೊಂದು ಈಟಿಯಂತೆ ನಿಂತಿದೆ.

"ನಿನ್ನೆ ಗುಡಿಸುವಾಗ ಪೊರಕೆಗೆ ತಗುಲ್ತು. ಎದೆ ಧಸಕ್ ಅಂತು. ಮೇಲೆ ಅಮ್ಮ ಮಲಗ್ತಾರೆ ಕಣ್ರೀ!" ಎನ್ನುತ್ತಾರೆ ಮನೆಯೊಡತಿ, ಶಾಲಾ ಶಿಕ್ಷಕಿ.

ಟಾರ್ಚ್ ಹಿಡಿದ ಐವತ್ತೆಂಟರ ಈ ಹೆಂಗಸನ್ನು ಎಲ್ಲರೂ ಬೇರಕ್ಕ ಎಂದೇ ಕರೆಯುತ್ತಾರೆ. ಮನೆತೋಟಕ್ಕೆ ನುಗ್ಗಿದ ಬಿದಿರು, ಮರದ ಬೇರಿನಿಂದ ಏಳುವ ಬೇಡದ ಮರಿಗಳು, ಇವುಗಳ ಮೂಲ ಹುಡುಕಿ ಕೀಳುವುದು ಅವರ ಕಸುಬು. "ಮರಿಗಳನ್ನ ಕತ್ತರಿಲಿ ಸವರಿದ್ರೆ ಒಂದಕ್ಕೆ ಹತ್ತು ಏಳ್ತವೆ. ಮಣ್ಣು ಬಿಡಿಸಿ, ಬೇರಿಗೆ ಅಂಟಿರೋ ಜಾಗದಲ್ಲೇ ಕೀಳ್ಬೇಕು. ಬಿದಿರಲ್ಲಿ ಮೆಳೆ ಕಟ್ಟೋದು ಸಾಧು, ಇದ್ದಲ್ಲೇ ಇರುತ್ತೆ. ನೆಲದಡಿ ಬೇರು ಚಾಚಿ ಓಡೋ ಜಾತಿ ಇದೆಯಲ್ಲ, ಅದು ಗೋಡೆ, ಚರಂಡಿ ಏನೂ ನೋಡಲ್ಲ."

ಹದಿನೇಳು ವರ್ಷ ನರ್ಸರಿಯಲ್ಲಿ ದುಡಿದವರು. ಅದು ಬಾಗಿಲು ಹಾಕಿದ ಮೇಲೆ ಗುದ್ದಲಿ ಹಿಡಿದರು. ದಿನಕ್ಕೆ ಇಪ್ಪತ್ತು ಮೊಳ ಉದ್ದ, ಮೊಣಕಾಲಾಳದ ಕಾಲುವೆ ತೋಡುತ್ತಾರೆ. ಸೊಂಟಕ್ಕೆ ಬೆಲ್ಟ್ ಬಿಗಿಯದೆ ಬಗ್ಗಲಾಗದು.

ಶಿಕ್ಷಕಿಯ ಮನೆಯಲ್ಲಿ ಗೆಣ್ಣುಗೆಣ್ಣಾದ ಬೇರಿನ ಜಾಡು ಹಿಡಿದು ಹೊರಟರೆ ಅದು ಅಡಿಪಾಯದಡಿಯಿಂದ ಹಿತ್ತಲಿಗೆ, ಅಲ್ಲಿಂದ ಕಾಂಪೌಂಡಿನಾಚೆಗೆ ಸಾಗುತ್ತದೆ. ಮೂರನೇ ದಿನ ಹಿಂದಿನ ಬೀದಿಯ ಮೂಲೆಮನೆಯಲ್ಲಿ ಹಳದಿ ಬಿದಿರಿನ ಸಾಲೊಂದು ಎದುರಾಗುತ್ತದೆ. ಬಾಗಿಲು ತೆರೆದ ನಿವೃತ್ತ ಬಸ್ ಚಾಲಕರು ಅವರನ್ನು ದಿಟ್ಟಿಸಿ ನೋಡುತ್ತಾರೆ.

"ನೀವೇ ಅಲ್ವೇನಮ್ಮಾ ಇದನ್ನ ನೆಟ್ಟಿದ್ದು? ನರ್ಸರಿಯಿಂದ ಬಂದಿದ್ರಿ. ಇದ್ದಲ್ಲೇ ಇರುತ್ತೆ ಅಂದಿದ್ರಿ."

ಬೇರಕ್ಕ ಗುದ್ದಲಿ ಕೆಳಗಿಡುತ್ತಾರೆ. ಮೆಟ್ಟಿಲ ಮೇಲೆ ಕೂರುತ್ತಾರೆ. "ಹೌದು, ನಾನೇ ನೆಟ್ಟಿದ್ದು. ಆಗ ನಂಗೆ ಎರಡು ಜಾತೀನೂ ಒಂದೇ. ಮಾಲೀಕರು ಹೇಳಿದ್ದನ್ನ ಗಿಣಿ ಥರ ಒಪ್ಪಿಸ್ತಿದ್ದೆ."

"ಹೋಗ್ಲಿ ಬಿಡಿ, ಯಾರಿಗೆ ಗೊತ್ತಾಗುತ್ತೆ?" ಎನ್ನುತ್ತಾರೆ ಚಾಲಕರು. ಬೇರಕ್ಕ ಬಿಡುವುದಿಲ್ಲ. ನೇರ ಶಿಕ್ಷಕಿಯ ಮನೆಗೆ ಬಂದು, ಸೆರಗಲ್ಲಿ ಕೈಯೊರೆಸಿಕೊಂಡು ಹೇಳಿಯೇಬಿಡುತ್ತಾರೆ: "ಇದು ನಾನು ನೆಟ್ಟಿದ್ದೇ ಕಣಮ್ಮ."

"ನೀವಾ?" ಎನ್ನುತ್ತಾರೆ ಶಿಕ್ಷಕಿ, ಬೇರೆ ಯಾರನ್ನಾದರೂ ಕರೆಸಲು ಫೋನ್ ಕೈಗೆತ್ತಿಕೊಳ್ಳುತ್ತ. ಅಷ್ಟರಲ್ಲಿ ಒಳಗಿನಿಂದ ಅವರ ತಾಯಿಯ ದನಿ: "ತಾನಾಗೇ ಬಂದು ಒಪ್ಕೊಂಡಿದಾಳೆ. ಇನ್ಯಾರನ್ನ ಕರೀತೀಯ? ಅವಳೇ ಕೀಳ್ಲಿ ಬಿಡೇ."

ತಮ್ಮ ಮನೆಯ ಬಿದಿರು ಕೀಳಲು ಚಾಲಕರೂ ಒಪ್ಪುತ್ತಾರೆ. ಇಡೀ ಸಾಲು ಕಿತ್ತು ಮುಗಿಸಲು ಒಂಬತ್ತು ದಿನ. ಮಣ್ಣಲ್ಲಿ ಉಳಿದ ತುಂಡು ಮತ್ತೆ ಚಿಗುರಬಹುದು. ಹಾಗಾಗಿ ಎರಡು ವರ್ಷ ತಿಂಗಳಿಗೊಮ್ಮೆ ಬಂದು ನೋಡುವುದಾಗಿ ಬೇರಕ್ಕ ಮಾತು ಕೊಟ್ಟಿದ್ದಾರೆ.

ಈಗ ಅವರು ತಾವು ಬಿದಿರು ನೆಟ್ಟ ಮನೆಗಳನ್ನೆಲ್ಲ ನೆನಪಿಸಿಕೊಳ್ಳುತ್ತಿದ್ದಾರೆ. ಹದಿನಾಲ್ಕು ಸಿಕ್ಕಿವೆ. ಆರು ಮನೆಗಳ ಬಾಗಿಲು ತಟ್ಟಿಯಾಗಿದೆ. ಒಬ್ಬರು ಬೈದು ಅಟ್ಟಿದರಂತೆ. ಇನ್ನೊಬ್ಬರ ನೀರಿನ ತೊಟ್ಟಿಯ ಗೋಡೆಗೆ ಬೇರು ಆಗಲೇ ತಾಗಿತ್ತು.

"ಇನ್ನು ಎಂಟು ಮನೆ ಉಳಿದಿವೆ," ಎನ್ನುತ್ತಾರೆ ಬೇರಕ್ಕ, ಉಗುರಿನ ಮಣ್ಣು ಕೆರೆಯುತ್ತ. "ಅವರಿಗೆ ತೊಂದರೆ ಗೊತ್ತಾಗೋ ಮೊದಲೇ ನಾನು ಹೋಗಿ ಹೇಳ್ಬೇಕು. ಅಷ್ಟು ಆದ್ರೆ ಸಾಕು."