ಮನಸಾರೆ ತಿಂದ ಹೋಳಿಗೆ

ಕಳೆದ ವಾರ ನಾನೊಂದು ಸುಳ್ಳು ಹೇಳಿದೆ. ಫೋನಿನಲ್ಲಿ, ಬಹಳ ಸ್ವೀಟ್ ಆಗಿ. ಅಂದಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ.

ನಾಗಮ್ಮ ದೇವದುರ್ಗದ ಕಡೆಯವಳು. ರಾಯಚೂರಿನ ನಮ್ಮ ಮನೆಯಲ್ಲಿ ಇಪ್ಪತ್ತು ವರ್ಷ ಪಾತ್ರೆ ತೊಳೆದಳು. ಅವಳ ಮಗಳು ಈಗ ಮಾನ್ವಿಯಲ್ಲಿ ಲೆಕ್ಚರರ್. (ಹುಡುಗಿಯ ಎಬಿಸಿಡಿ ಶುರುವಾದದ್ದು ನನ್ನ ವರಾಂಡಾದಲ್ಲಿ. ಇದನ್ನು ನಾನು ಎಲ್ಲರಿಗೂ ಹೇಳುತ್ತೇನೆ.) ಮಗಳು ಅಲ್ಲೇ, ಅವ್ವನಿಗೂ ಸೇರಿಸಿ, ಮನೆ ಕಟ್ಟಿಸಿದ್ದಳು. ಗೃಹಪ್ರವೇಶಕ್ಕೆ ಹೋದೆ.

ಎಲೆ ಹಾಕಿದರು. ನಾನು ಬಾಟಲಿ ನೀರು ಹಿಡಿದುಕೊಂಡು ಕೂತೆ.

"ಶುಗರ್ ಅದ ನಾಗಮ್ಮ. ಹೋಳಿಗಿ ಕಟ್ಟಿ ಕೊಡು, ಮನ್ಯಾಗ ತಿಂತೀನಿ."

"ಒಂದು ತುತ್ತರೆ ಉಣ್ರೀ ಅಮ್ಮಾರ. ಅನ್ನ ಸಾರಿಗೆ ಶುಗರ್ ಏನ್ ಮಾಡ್ತದ?"

ನಕ್ಕೆ. ಮಗಳನ್ನು ಮನಸಾರೆ ಹರಸಿದೆ. ನಾಗಮ್ಮ ಕೊಟ್ಟ ಸ್ಟೀಲ್ ಡಬ್ಬಿ ಬ್ಯಾಗಿಗಿಳಿಸಿ ಬಸ್ ಹತ್ತಿದೆ. ರಾಯಚೂರಲ್ಲಿ ಇಳಿದವಳೇ ಹೋಟೆಲಿಗೆ ನುಗ್ಗಿ ಮಂಡಕ್ಕಿ ಒಗ್ಗರಣಿ-ಮಿರ್ಚಿ ತಿಂದೆ, ಸಕ್ಕರೆ ಚಹಾ ಕುಡಿದೆ. ಮಿರ್ಚಿ ಕರಿದವರು ಯಾರು ಎಂದು ಕೇಳಲಿಲ್ಲ. ಶುಗರೂ ಕೇಳಲಿಲ್ಲ.

ಮರುದಿನ ನಾಗಮ್ಮನ ಫೋನ್.

"ಡಬ್ಬಿ ತಗದ್ರೇನ್ರೀ?"

ಡಬ್ಬಿ ಇನ್ನೂ ಬ್ಯಾಗಿನಲ್ಲೇ ಇತ್ತು. "ತಗದೆ! ಹೋಳಿಗಿ ಮನಸಾರೆ ತಿಂದೆ ನಾಗಮ್ಮ. ಸೂಪರ್ಬ್!"

"ಅದರಾಗ ಹೋಳಿಗಿ ಎಲ್ಲಿತ್ರೀ ಅಮ್ಮಾರ? ಕುಪ್ಪಸದ ಖಣ ಇಟ್ಟಿದ್ದೆ. ನೀವು ತಿನ್ನಂಗಿಲ್ಲ ಅಂತ ನಂಗ ಗೊತ್ತಿಲ್ಲೇನು?"

ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ಕಾನ್ವೆಂಟಿನಲ್ಲಿ ಸಿಸ್ಟರ್ ಕಲಿಸಿದ್ದರು: ಪತ್ರದ ಕೊನೆಗೆ ಯುವರ್ಸ್ ಸಿನ್ಸಿಯರ್ಲಿ, ಕೆಳಗೆ ಸಹಿ. ಮೇಲೆ ಬರೆದದ್ದು ನಿಜವೇ ಎಂಬ ಗೊಡವೆ ಆ ಸಿನ್ಸಿಯರ್ಲಿಗೆ ಇರಲಿಲ್ಲ. ನಮ್ಮ ಮನಸಾರೆ ಹಾಗಲ್ಲ. ಕಣ್ಣಾರೆ, ಕಿವಿಯಾರೆ, ಕೈಯಾರೆಗಳ ಜೊತೆ ಹುಟ್ಟಿದ ಮಾತದು, ಮೈಬಿಟ್ಟು ಇರಲಾರದು. ನಾನು ಓದಿದ ಕಥೆ, ಕವಿತೆಗಳಲ್ಲಿ ಜನ ಮನಸಾರೆ ನಗುತ್ತಾರೆ, ಅಳುತ್ತಾರೆ, ಉಣ್ಣುತ್ತಾರೆ. ಬಾಟಲಿ ನೀರು ಹಿಡಿದುಕೊಂಡು ಮನಸಾರೆ ಹರಸಿದವರನ್ನು ಮಾತ್ರ ಎಲ್ಲೂ ಓದಿಲ್ಲ.

ನಮ್ಮ ಹಿತ್ತಲ ನಲ್ಲಿಯ ಪಕ್ಕದ ಗೂಡಿನಲ್ಲಿ ಒಂದು ಲೋಟವಿದೆ. ಇಪ್ಪತ್ತು ವರ್ಷ ನಾಗಮ್ಮ ಚಹಾ ಕುಡಿದದ್ದು ಅದರಲ್ಲೇ. ಅಲ್ಲಿಟ್ಟವರು ನಮ್ಮ ಅತ್ತೆ ಎಂದು ನಾನು ಹೇಳಿಕೊಂಡು ಬಂದೆ. ಅತ್ತೆ ತೀರಿಕೊಂಡು ಎಷ್ಟೋ ವರ್ಷವಾಯಿತು. ಆಮೇಲೂ ಅಲ್ಲೇ ಉಳಿಯಿತಲ್ಲ, ಯಾರ ಕೈಯಾರೆ?

ಡಬ್ಬಿಯನ್ನು ಖಾಲಿ ಹಿಂದಿರುಗಿಸುವ ಪದ್ಧತಿ ನಮ್ಮಲ್ಲಿಲ್ಲ. ನಾಳೆ ಅದರ ತುಂಬ ನಾನೇ ಮಾಡಿದ ಹೋಳಿಗೆ ಇಟ್ಟುಕೊಂಡು ಮಾನ್ವಿ ಬಸ್ ಹತ್ತುತ್ತೇನೆ. ಅವಳ ಮನೆಯಲ್ಲಿ ನೆಲಕ್ಕೆ ಕೂತು ಉಣ್ಣಬೇಕೆಂದೂ ಇದ್ದೇನೆ.

ಆದರೆ ನನ್ನ ಹೋಳಿಗೆ ನೋಡಿ ನಾಗಮ್ಮ, "ಶುಗರ್ ಅದ ರೀ ಅಮ್ಮಾರ" ಅಂದುಬಿಟ್ಟರೆ?